ಜರ್ಮನಿಯಲ್ಲಿ ನಾಲ್ಕು ವಾರಗಳ ವಸತಿ ಸಹಿತ ಬೇಸಿಗೆ ಕೋರ್ಸ್: ಅಲ್ಲಿಯ ದಿನಚರಿ ಹೇಗಿರುತ್ತದೆ?

ಪ್ರಶ್ನೆ (ಹೊಸನಗರ ತಾಲ್ಲೂಕಿನ ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಸಸ್ಯಶಾಸ್ತ್ರ ನನ್ನ ಮುಖ್ಯ ವಿಷಯ. ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಜುಲೈ ತಿಂಗಳಲ್ಲಿ ನಡೆಯುವ ನಾಲ್ಕು ವಾರಗಳ ಬೇಸಿಗೆ ಕೋರ್ಸಿಗೆ ಆಯ್ಕೆಯಾಗಿದ್ದೇನೆ. ವಿಷಯ ಕಾಡು ಮತ್ತು ಹವಾಮಾನ. ಕೋರ್ಸಿನ ಶುಲ್ಕ ಮತ್ತು ವಸತಿಗೆ ವಿದ್ಯಾರ್ಥಿವೇತನ ಸಿಕ್ಕಿದೆ. ವಿಮಾನದ ಖರ್ಚು ಮತ್ತು ಊಟದ ಖರ್ಚು ನಮ್ಮದು.

ಪಠ್ಯಕ್ರಮದ ವಿವರವನ್ನು ಅವರು ಕಳುಹಿಸಿದ್ದಾರೆ. ನನಗೆ ಬೇಕಾಗಿರುವುದು ಅದರಲ್ಲಿ ಬರೆದಿಲ್ಲದ ಸಂಗತಿಗಳು. ಬೇರೆ ಬೇರೆ ದೇಶದವರ ಜೊತೆ ಒಂದೇ ಅಡುಗೆಮನೆ ಹಂಚಿಕೊಂಡು ಇರುವುದು ಹೇಗೆ? ನಮ್ಮದು ಸಸ್ಯಾಹಾರದ ಮನೆ. ಅಲ್ಲಿ ನಾಲ್ಕು ವಾರ ಹೊಟ್ಟೆ ತುಂಬುತ್ತದೆಯೇ? ಹತ್ತನೆಯ ತರಗತಿಯವರೆಗೆ ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷಿನಲ್ಲಿ ಓದಿ ಬರೆಯಲು ಹೆದರಿಕೆಯಿಲ್ಲ, ಆದರೆ ತರಗತಿಯಲ್ಲಿ ಎದ್ದು ಮಾತನಾಡಬೇಕೆಂದರೆ ಗಂಟಲು ಕಟ್ಟುತ್ತದೆ. ‘ಚರ್ಚೆಯಲ್ಲಿ ಭಾಗವಹಿಸುವಿಕೆಗೆ ಅಂಕಗಳಿವೆ’ ಎಂದು ಅವರು ಬರೆದಿರುವುದನ್ನು ಓದಿದ ಮೇಲೆ ಎರಡು ದಿನ ನಿದ್ದೆ ಬಂದಿಲ್ಲ.

ಮನೆಯಲ್ಲಿ ಅಪ್ಪಯ್ಯ ಇನ್ನೂ ಪೂರ್ತಿ ಒಪ್ಪಿಲ್ಲ. ಜುಲೈ ಎಂದರೆ ನಮ್ಮಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕಾಲ, ಜೊತೆಗೆ ಮಳೆಗೆ ಕರೆಂಟು ಹೋದರೆ ಮೂರು ನಾಲ್ಕು ದಿನ ಫೋನೂ ಇರುವುದಿಲ್ಲ. ‘ನಿನಗೆ ಏನಾದರೂ ಆದರೆ ನಮಗೆ ತಿಳಿಯುವುದಾದರೂ ಹೇಗೆ’ ಎಂಬುದು ಅವರ ಮಾತು. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಹೋಗಿ ಬಂದವರು, ಮಕ್ಕಳನ್ನು ಕಳುಹಿಸಿದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಸಾಗರದಿಂದ)

ನಮಸ್ಕಾರ. ಮೂರು ವರ್ಷಗಳ ಹಿಂದೆ ಇದೇ ಊರಿನಲ್ಲಿ ಇಂಥದೇ ನಾಲ್ಕು ವಾರಗಳ ಕೋರ್ಸಿಗೆ ನಾನು ಹೋಗಿದ್ದೆ. ನಿಮ್ಮ ಪ್ರಶ್ನೆಯನ್ನು ಓದಿದಾಗ ಅಂದಿನ ನನ್ನನ್ನೇ ನೋಡಿದಂತಾಯಿತು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಫ್ರೈಬುರ್ಗ್ ಇರುವುದು ಷ್ವಾರ್ಟ್ಸ್‌ವಾಲ್ಡ್ ಎಂಬ ಕಾಡುಬೆಟ್ಟಗಳ ಬುಡದಲ್ಲಿ. ಹಳೆಯ ಪೇಟೆಯ ಬೀದಿಗಳ ಬದಿಯಲ್ಲಿ ಕಲ್ಲು ಕಟ್ಟಿದ ಸಣ್ಣ ಕಾಲುವೆಗಳಲ್ಲಿ ನೀರು ಸದಾ ಹರಿಯುತ್ತಿರುತ್ತದೆ. ಅದಕ್ಕೆ ಅವರು ‘ಬೆಶ್ಲೆ’ ಎನ್ನುತ್ತಾರೆ. ಮೊದಲ ಸಂಜೆ ಅದನ್ನು ಕಂಡಾಗ ನಮ್ಮ ತೋಟದ ಬಸಿಗಾಲುವೆಯ ನೆನಪಾಗಿ ಮನಸ್ಸು ಸ್ವಲ್ಪ ಹಗುರವಾಯಿತು. ಪಕ್ಕದಲ್ಲೇ 1,284 ಮೀಟರ್ ಎತ್ತರದ ಶೌಇನ್ಸ್‌ಲಾಂಡ್ ಬೆಟ್ಟವಿದೆ. ಮಲೆನಾಡಿನವರಿಗೆ ಊರು ತೀರಾ ಪರಕೀಯ ಅನ್ನಿಸುವುದಿಲ್ಲ.

ನಮ್ಮ ತರಗತಿ ಬೆಳಿಗ್ಗೆ 9ಕ್ಕೆ ಶುರುವಾಗಿ ಮಧ್ಯಾಹ್ನದವರೆಗೆ ಇರುತ್ತಿತ್ತು. ಊಟದ ನಂತರ ಎರಡು ಗಂಟೆ ಗುಂಪು ಕೆಲಸ, ವಾರಕ್ಕೊಂದು ದಿನ ಪೂರ್ತಿ ಕಾಡಿನಲ್ಲಿ. ಸಂಜೆ ಓದಲು ಕೊಟ್ಟಿದ್ದನ್ನು ಮುಗಿಸದೆ ಮರುದಿನ ಹೋದರೆ ಚರ್ಚೆ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ನಮ್ಮಲ್ಲಿ ಇಡೀ ಸೆಮಿಸ್ಟರಿನಲ್ಲಿ ಹರಡಿಕೊಳ್ಳುವ ಪಾಠವನ್ನು ಅವರು ನಾಲ್ಕು ವಾರಕ್ಕೆ ಒತ್ತಿ ತುಂಬಿರುತ್ತಾರೆ. ಜೊತೆಗೆ ಗಡಿಯಾರದ ಕಷ್ಟ. ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ಮೂರೂವರೆ ಗಂಟೆಯ ಅಂತರ, ನಾವು ಮುಂದೆ. ಹಾಗಾಗಿ ಮೊದಲ ನಾಲ್ಕೈದು ದಿನ ನಸುಕಿನ ಮೂರು ಗಂಟೆಗೇ ಎಚ್ಚರವಾಗುತ್ತದೆ. ಅತ್ತ ರಾತ್ರಿ ಒಂಬತ್ತು ದಾಟಿದರೂ ಹೊರಗೆ ಬೆಳಕಿರುವುದರಿಂದ ಮಲಗಬೇಕೆಂದೇ ಅನ್ನಿಸುವುದಿಲ್ಲ. ಪರದೆ ಎಳೆದುಕೊಂಡು ಹತ್ತು ಗಂಟೆಗೆ ಮಲಗುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಿ. ನಾನು ಮಾಡಿಕೊಳ್ಳಲಿಲ್ಲ. ನಾಲ್ಕನೆಯ ದಿನ ತರಗತಿಯಲ್ಲೇ ತೂಕಡಿಸಿದೆ.

ಇನ್ನು ಅಡುಗೆಮನೆ. ಆರು ಕೋಣೆಗಳಿಗೆ ಒಂದು ಅಡುಗೆಮನೆ, ಫ್ರಿಜ್ಜಿನಲ್ಲಿ ತಲೆಗೊಂದು ಅಂಕಣ. ಹೋದ ಎರಡನೆಯ ದಿನ ನನಗೆ ತಂಬುಳಿ ಅನ್ನ ತಿನ್ನಬೇಕೆಂಬ ಆಸೆ ಹುಟ್ಟಿತು. ಅಲ್ಲಿಯ ಅಂಗಡಿಗಳಲ್ಲಿ ‘ಬುಟರ್‌ಮಿಲ್ಶ್’ ಎಂದು ಬರೆದ ಡಬ್ಬಿಗಳಲ್ಲಿ ಮಜ್ಜಿಗೆಯೇ ಸಿಗುತ್ತದೆ. ನಮ್ಮದಕ್ಕಿಂತ ತುಸು ಮಂದ, ಹುಳಿ ಸರಿಯಾಗಿಯೇ ಇರುತ್ತದೆ. ಶುಂಠಿ ಜಜ್ಜಿ, ಮನೆಯಿಂದ ತಂದ ಜೀರಿಗೆ ಕಾಳುಮೆಣಸಿನ ಪುಡಿಯನ್ನೂ ಒಣಕೊಬ್ಬರಿಯ ತುರಿಯನ್ನೂ ಸೇರಿಸಿ, ಮಜ್ಜಿಗೆ ಬೆರೆಸಿದೆ. ಕೊನೆಗೆ ಒಗ್ಗರಣೆ. ಅಲ್ಲಿಯ ವಿದ್ಯುತ್ ಒಲೆಯ ತಟ್ಟೆ ನಿಧಾನಕ್ಕೆ ಕಾಯುತ್ತದೆ, ಆರಿಸಿದ ಮೇಲೂ ಬಹಳ ಹೊತ್ತು ಕಾದೇ ಇರುತ್ತದೆ. ಅದು ನನಗೆ ಗೊತ್ತಿರಲಿಲ್ಲ. ಎಣ್ಣೆ ಕಾಯಲಿಲ್ಲವೆಂದು ಉರಿ ಪೂರ್ತಿ ಏರಿಸಿ ಸಾಸಿವೆ, ಒಣಮೆಣಸು ಹಾಕಿದೆ. ಸಾಸಿವೆ ಸಿಡಿದದ್ದೇ ತಡ, ಮೆಣಸು ಕಪ್ಪಾಗಿ ಘಾಟು ಎದ್ದಿತು, ಸೂರಿನ ಮೇಲಿದ್ದ ಹೊಗೆಯ ಅಲಾರಂ ಕೂಗತೊಡಗಿತು. ಪಕ್ಕದ ಕೋಣೆಯ ಜಾರ್ಜಿಯಾ ದೇಶದ ಹುಡುಗಿ ಕೆಮ್ಮುತ್ತಲೇ ಓಡಿ ಬಂದು ಕಿಟಕಿ ತೆರೆದು, ಕುರ್ಚಿಯ ಮೇಲೆ ಹತ್ತಿ ಟವೆಲಿನಿಂದ ಗಾಳಿ ಹಾಕಿದಳು. ನನಗೆ ಅಳು ಬಂದುಬಿಟ್ಟಿತ್ತು. ಅವಳು ಪಾತ್ರೆಯ ಕಡೆ ಬೆರಳು ತೋರಿಸಿ ‘ಇದೇನು’ ಎಂದು ಕೇಳಿದಳು. ಒಗ್ಗರಣೆಯಿಲ್ಲದ ಆ ತಂಬುಳಿಯನ್ನು ಇಬ್ಬರೂ ಲೋಟಕ್ಕೆ ಹಾಕಿಕೊಂಡು ಕುಡಿದೆವು. ಮರುದಿನದಿಂದ ಆ ಅಡುಗೆಮನೆಯಲ್ಲಿ ನನಗೊಬ್ಬಳು ಗೆಳತಿಯಿದ್ದಳು. ಎರಡನೆಯ ವಾರದಿಂದ ಬುಧವಾರ ರಾತ್ರಿ ಆರೂ ಜನ ಸೇರಿ ಅಡುಗೆ ಮಾಡುವುದು ವಾಡಿಕೆಯಾಯಿತು. ನನ್ನ ಇಂಗ್ಲಿಷಿನ ನಾಲಿಗೆ ಬಿಟ್ಟುಕೊಂಡದ್ದು ತರಗತಿಯಲ್ಲಲ್ಲ, ಈರುಳ್ಳಿ ಹೆಚ್ಚುತ್ತಾ ಆ ಮೇಜಿನ ಮುಂದೆ. ಕೋಣೆಗೆ ತಟ್ಟೆ ಒಯ್ದು ಒಬ್ಬರೇ ಉಣ್ಣಬೇಡಿ ಎಂದು ನಾನು ಒತ್ತಿ ಹೇಳುವುದು ಅದಕ್ಕಾಗಿಯೇ. ನಮ್ಮ ತಂಡದಲ್ಲಿ ಪುಣೆಯವರೊಬ್ಬರು, ಕೊಚ್ಚಿಯವರೊಬ್ಬರು ಇದ್ದರು, ಒಳ್ಳೆಯವರೇ. ಆದರೆ ಮೂರೂ ಜನ ಸದಾ ಒಟ್ಟಿಗೇ ಇದ್ದಿದ್ದರೆ ಅಷ್ಟು ದೂರ ಹೋಗಿಯೂ ಶಿವಮೊಗ್ಗದ ಹಾಸ್ಟೆಲಿನಲ್ಲೇ ಉಳಿದಂತಾಗುತ್ತಿತ್ತು.

ಸಸ್ಯಾಹಾರದ ಬಗ್ಗೆ ಚಿಂತೆ ಬೇಡ. ‘ಮೆನ್ಸಾ’ ಎಂಬ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ಸಸ್ಯಾಹಾರಕ್ಕೂ, ಹಾಲು ಬೆಣ್ಣೆಯೂ ಇಲ್ಲದ ವೇಗನ್ ಊಟಕ್ಕೂ ಗುರುತು ಹಾಕಿರುತ್ತಾರೆ. ಸೂಪಿಗೆ ಮಾಂಸದ ಸಾರು ಬಳಸಿದ್ದಾರೆಯೇ ಎಂದು ಕೇಳಿ. ಮೆತ್ತನೆಯ ಜೆಲ್ಲಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ‘ಮಿಲ್ಶ್‌ರೈಸ್’ ಎಂದು ಬರೆದಿರುವ ಗುಂಡಗಿನ ಅಕ್ಕಿ ಬೇಯಿಸಿದರೆ ಮುದ್ದೆಯಾಗುತ್ತದೆ, ಮೊಸರನ್ನಕ್ಕೆ ಅದೇ ಹೊಂದುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಬೇಕು. ಮುಖ್ಯವಾದ ಮಾತು: ಹೊರದೇಶಗಳಿಂದ ಹಾಲಿನ ಪದಾರ್ಥ ಮತ್ತು ಮಾಂಸವನ್ನು ಪ್ರಯಾಣಿಕರು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಆದ್ದರಿಂದ ಅಮ್ಮ ಎಷ್ಟೇ ಪ್ರೀತಿಯಿಂದ ಕಾಸಿಕೊಟ್ಟರೂ ತುಪ್ಪದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಪೇಡೆಗೂ ಇದೇ ನಿಯಮ. ಚಟ್ನಿಪುಡಿ, ಸಾರಿನ ಪುಡಿ, ಹಲಸಿನ ಹಪ್ಪಳ ಒಯ್ಯಬಹುದು.

ಈಗ ನಿಮ್ಮ ನಿದ್ದೆ ಕೆಡಿಸಿರುವ ಮಾತಿಗೆ ಬರುತ್ತೇನೆ. ಮೊದಲ ನಾಲ್ಕು ದಿನ ನಾನೂ ಬಾಯಿ ತೆರೆಯಲಿಲ್ಲ. ಅಲ್ಲಿ ಪ್ರಾಧ್ಯಾಪಕರು ಹೆಸರು ಹಿಡಿದು ಎಬ್ಬಿಸುವುದಿಲ್ಲ. ಸುಮ್ಮನಿದ್ದರೆ ಸುಮ್ಮನೆ ಬಿಡುತ್ತಾರೆ, ಮತ್ತು ಆ ಸುಮ್ಮನಿರುವಿಕೆ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಐದನೆಯ ದಿನ ಕಾಡಿಗೆ ಹೋಗಿದ್ದೆವು. ಮರದ ಸುತ್ತಳತೆ ತೆಗೆಯಲು ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಬೇಕೆಂದು ಅವರು ಹೇಳಿದರು. ನಮಗೆ ಕಲಿಸಿದ್ದು 1.37 ಮೀಟರ್. ತಪ್ಪು ಕೇಳಿಸಿಕೊಂಡೆನೇನೋ ಎಂದು ಪಕ್ಕದವಳನ್ನು ಕೇಳಿದೆ, ಅದು ಅವರ ಕಿವಿಗೆ ಬಿತ್ತು. ಅವರು ಎಲ್ಲರನ್ನೂ ನಿಲ್ಲಿಸಿ, ಯುರೋಪಿನಲ್ಲಿ ಎದೆಮಟ್ಟವೆಂದರೆ 1.3, ಭಾರತದಲ್ಲಿ 1.37, ಹಾಗಿದ್ದರೆ ಎರಡು ದೇಶಗಳ ಅಳತೆಗಳನ್ನು ಹೋಲಿಸುವಾಗ ಏನು ಮಾಡಬೇಕು ಎಂದು ಅರ್ಧ ಗಂಟೆ ಚರ್ಚೆ ನಡೆಸಿದರು. ಅಂದು ನನ್ನ ವ್ಯಾಕರಣ ಎಷ್ಟು ಕಡೆ ತಪ್ಪಿತೋ ಲೆಕ್ಕವಿಲ್ಲ, ಯಾರೂ ಅದನ್ನು ಗಮನಿಸಲೂ ಇಲ್ಲ. ಆದ್ದರಿಂದ ಮೊದಲ ಎರಡು ದಿನಗಳೊಳಗೆ ಒಂದೇ ಒಂದು ಪ್ರಶ್ನೆ ಕೇಳಿಬಿಡಿ, ಚಿಕ್ಕದಾದರೂ ಸರಿ. ಒಂದು ವಾರ ಕಳೆದ ಮೇಲೆ ಅದೇ ಕೆಲಸ ಹತ್ತು ಪಟ್ಟು ಕಷ್ಟವಾಗುತ್ತದೆ.

ಉಳಿದ ಚಿಲ್ಲರೆ ಸಂಗತಿಗಳು: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿಯಲ್ಲಿ ಸದ್ದು ಮಾಡುವಂತಿಲ್ಲ. ನಲ್ಲಿಯ ನೀರು ಕುಡಿಯಬಹುದು. ನೀರಿನ ಪ್ಲಾಸ್ಟಿಕ್ ಬಾಟಲಿ ಕೊಂಡರೆ 25 ಸೆಂಟ್ ಠೇವಣಿ ಹಿಡಿದಿರುತ್ತಾರೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿ ಹಿಂದಕ್ಕೆ ಪಡೆಯಬಹುದು. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಫ್ರೈಬುರ್ಗಿಗೆ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ. ‘ಡಾಯ್ಚ್‌ಲಾಂಡ್ ಟಿಕೆಟ್’ ಎಂಬ ತಿಂಗಳ ಪಾಸು ಬಸ್ಸು, ಟ್ರಾಮು, ಸ್ಥಳೀಯ ರೈಲುಗಳಿಗೆ ನಡೆಯುತ್ತದೆ, ಆದರೆ ಆ ವೇಗದ ರೈಲಿಗೆ ನಡೆಯುವುದಿಲ್ಲ. ಪಾಸನ್ನು ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಕಡಿತವಾಗುತ್ತದೆ.

ಉತ್ತರ 2 (ಶಿವಮೊಗ್ಗದಿಂದ, ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ)

ಅಭಿನಂದನೆಗಳು. ಮೇಲಿನವರು ಬದುಕಿನ ಭಾಗವನ್ನು ಚೆನ್ನಾಗಿ ಬರೆದಿದ್ದಾರೆ. ನಾನು ಕಾಗದಪತ್ರದ ಬಗ್ಗೆ ನಾಲ್ಕು ಮಾತು ಹೇಳಿ, ಆಮೇಲೆ ನನಗೆ ಮುಖ್ಯವೆನಿಸಿದ ವಿಷಯಕ್ಕೆ ಬರುತ್ತೇನೆ.

ನಿಮಗೆ ಬೇಕಾಗುವುದು ಷೆಂಗೆನ್ ಅಲ್ಪಾವಧಿ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ. ಪ್ರಯಾಣದ ದಿನಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ತಡವೆಂದರೆ 15 ದಿನ ಮುಂಚೆ ಹಾಕಿರಲೇಬೇಕು. ಆದರೆ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಅರ್ಜಿ ಸಲ್ಲಿಸಲು ದಿನಾಂಕ ಸಿಗುವುದೇ ಕಷ್ಟ, ಆದ್ದರಿಂದ ಈ ವಾರವೇ ಕಾಯ್ದಿರಿಸಿ. ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ಹಿಂದಿರುಗುವ ದಿನದಿಂದ ಮುಂದಕ್ಕೆ ಇನ್ನೂ ಮೂರು ತಿಂಗಳಾದರೂ ಪಾಸ್‌ಪೋರ್ಟಿನ ಅವಧಿ ಉಳಿದಿರಬೇಕು. ವಿದ್ಯಾಭ್ಯಾಸಕ್ಕಾಗಿ ಹೋಗುವ ವಿದ್ಯಾರ್ಥಿಗಳಿಗೆ ವೀಸಾ ಶುಲ್ಕದಿಂದ ವಿನಾಯಿತಿ ಇದೆ; ಅರ್ಜಿ ಸ್ವೀಕರಿಸುವ ಕೇಂದ್ರದ ಸೇವಾ ಶುಲ್ಕ ಮಾತ್ರ ಬೇರೆ.

ಎರಡನೆಯದಾಗಿ, ನಮ್ಮ ಕಡೆಯ ಸೆಮಿಸ್ಟರ್ ಪರೀಕ್ಷೆಗಳು ಮುಂದಕ್ಕೆ ಜಾರಿ ಜುಲೈಗೆ ಬಂದದ್ದನ್ನು ನಾನು ಕಂಡಿದ್ದೇನೆ. ಹೊರಡುವ ಮೊದಲೇ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟು, ಲಿಖಿತವಾಗಿಯೇ ಒಪ್ಪಿಗೆ ಪಡೆಯಿರಿ. ಬಾಯಿಮಾತಿನ ಭರವಸೆಯನ್ನು ನಂಬಿ ಹೋದ ನನ್ನ ಒಬ್ಬ ವಿದ್ಯಾರ್ಥಿ ಒಂದು ಪತ್ರಿಕೆಯನ್ನು ಮುಂದಿನ ವರ್ಷ ಬರೆಯಬೇಕಾಯಿತು. ಕೋರ್ಸ್ ಮುಗಿದಾಗ ಅಂಕಪಟ್ಟಿಯಲ್ಲಿ ಇಸಿಟಿಎಸ್ ಎಂಬ ಯುರೋಪಿನ ಪದ್ಧತಿಯ ಕ್ರೆಡಿಟ್ ಎಷ್ಟೆಂದು ನಮೂದಾಗಿದೆಯೇ ನೋಡಿಕೊಳ್ಳಿ. ಅಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ದುಡಿಮೆ, ತರಗತಿಯೂ ಓದೂ ಸೇರಿ.

ಈಗ ಮುಖ್ಯ ವಿಷಯ. ‘ನಾನು ಏನು ಮಾತನಾಡಲಿ’ ಎಂಬ ಅಳುಕು ನಿಮ್ಮ ಪ್ರಶ್ನೆಯ ಅಡಿಯಲ್ಲಿದೆ. ಇಂಥ ಕೋರ್ಸುಗಳಲ್ಲಿ ಪ್ರತಿಯೊಬ್ಬರೂ ತಮ್ಮ ನಾಡಿನ ಒಂದು ವಿಷಯವನ್ನು ಮಂಡಿಸುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ನೀವು ನಮ್ಮ ಕಾನುಗಳ ಬಗ್ಗೆ ಮಾತನಾಡಿ. ಸಾಗರ, ಸೊರಬ, ಹೊಸನಗರದ ಕಡೆಯ ಮಕ್ಕಳಿಗೆ ಕಾನು ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ: ಊರವರು ದೇವರ ಹೆಸರಿನಲ್ಲಿ ಕಡಿಯದೆ ಉಳಿಸಿಕೊಂಡ, ಒಳಗೆ ಒರತೆಯಿರುವ, ಕಾಡುಮೆಣಸಿನ ಬಳ್ಳಿ ಹಬ್ಬಿದ ನಿತ್ಯಹಸಿರಿನ ತುಂಡುಕಾಡು. ಜರ್ಮನಿಯ ಬಾನ್ ನಗರದಲ್ಲಿ ಹುಟ್ಟಿದ ಡೀಟ್ರಿಕ್ ಬ್ರಾಂಡಿಸ್ 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಅವರೂ ಗ್ರಾಂಟ್ ಎಂಬ ಅಧಿಕಾರಿಯೂ ಸೇರಿ 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ಒಂದು ಜಂಟಿ ವರದಿ ಬರೆದರು. ಜರ್ಮನಿಯ ತರಗತಿಯಲ್ಲಿ ನಿಂತು ಮಲೆನಾಡಿನ ಹುಡುಗಿ ಈ ಎರಡು ವಾಕ್ಯಗಳನ್ನು ಹೇಳಿದರೆ ಇಡೀ ತರಗತಿ ಕಿವಿಗೊಡುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಅವರು ನಿಮಗೆ ತೋರಿಸುವುದರಲ್ಲಿ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರದ ಕಾಡೂ ಇರುತ್ತದೆ. ಒಂದೇ ಜಾತಿಯ ಮರಗಳನ್ನು ಸಾಲಾಗಿ ಬೆಳೆಸಿದ ಅಲ್ಲಿಯ ನೆಡುತೋಪುಗಳು 1999ರ ಡಿಸೆಂಬರ್ 26ರ ಲೋಥಾರ್ ಬಿರುಗಾಳಿಗೆ ಬೃಹತ್ ಪ್ರಮಾಣದಲ್ಲಿ ಉರುಳಿದವು. ಬರ ಬಿದ್ದ ವರ್ಷಗಳಲ್ಲಿ ತೊಗಟೆ ಕೊರೆಯುವ ದುಂಬಿ ಅವನ್ನು ಒಣಗಿಸುತ್ತಿದೆ. ಈಗ ಅವರು ಹಲವು ಜಾತಿಯ ಮರಗಳ ಮಿಶ್ರ ಕಾಡಿನ ಕಡೆಗೆ ಹೊರಳುತ್ತಿದ್ದಾರೆ. ನಮ್ಮಲ್ಲಿ ಕಾಗದ ಕಾರ್ಖಾನೆಗಾಗಿ ಗುಡ್ಡಗುಡ್ಡಗಳಲ್ಲಿ ಅಕೇಶಿಯಾ, ನೀಲಗಿರಿ ನೆಟ್ಟ ಕಥೆ ನಿಮ್ಮ ಮನೆಯ ಹಿಂದಿನದೇ. ಆ ನೆಡುತೋಪಿನ ಒಂದು ಚಿತ್ರ, ಕಾನಿನ ಒಂದು ಚಿತ್ರ, ಎರಡರ ನೆಲದ ಮೇಲೆ ಬಿದ್ದಿರುವ ಎಲೆಗಳ ಒಂದೊಂದು ಹತ್ತಿರದ ಚಿತ್ರ ತೆಗೆದುಕೊಂಡು ಹೋಗಿ. ನಾಲ್ಕು ಚಿತ್ರ ಸಾಕು. ಮಾತು ತಾನಾಗಿ ಬರುತ್ತದೆ, ಏಕೆಂದರೆ ಅದನ್ನು ನೀವು ಕಂಡಿದ್ದೀರಿ, ಅವರು ಕಂಡಿಲ್ಲ.

ಉತ್ತರ 3 (ಕೊಪ್ಪದಿಂದ, ಒಬ್ಬ ತಾಯಿ)

ಮಗಳೇ, ನೀನು ನನ್ನ ಮಗಳಿಗಿಂತ ಚಿಕ್ಕವಳು, ಹಾಗಾಗಿ ಏಕವಚನದಲ್ಲೇ ಬರೆಯುತ್ತಿದ್ದೇನೆ, ಬೇಸರಿಸಬೇಡ. ನಿನ್ನ ಅಪ್ಪಯ್ಯನ ಮಾತಿಗೆ ಉತ್ತರ ಕೊಡಬಲ್ಲವಳು ನಾನು, ಏಕೆಂದರೆ ಆ ಭಯವನ್ನು ಒಂದು ಮಳೆಗಾಲ ಪೂರ್ತಿ ಅನುಭವಿಸಿದ್ದೇನೆ.

ನನ್ನ ಮಗಳು ಆರು ವಾರಗಳ ಕೋರ್ಸಿಗೆ ಹೊರದೇಶಕ್ಕೆ ಹೋದಾಗ ಪುನರ್ವಸು ಮಳೆ ಹಿಡಿದಿತ್ತು. ದಿನಾ ರಾತ್ರಿ ಎಂಟಕ್ಕೆ ಫೋನು ಮಾಡಬೇಕೆಂದು ಮಾತಾಗಿತ್ತು. ಹತ್ತನೆಯ ದಿನ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು, ಟವರೂ ಸತ್ತಿತು. ಮೂರು ದಿನ ಅವಳ ಸುದ್ದಿಯಿಲ್ಲ. ನಮ್ಮ ಯಜಮಾನರು ಕಂಬಳಿ ಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತಿ, ಮೊಬೈಲು ಮೇಲೆತ್ತಿ ಹಿಡಿದು ನೋಡಿ ಬರುತ್ತಿದ್ದರು. ಅವಳಿಗೆ ಅಲ್ಲಿ ಏನೂ ಆಗಿರಲಿಲ್ಲ. ಆದರೆ ನಾವು ಫೋನು ಎತ್ತುತ್ತಿಲ್ಲವೆಂದು, ಮನೆಯ ಮೇಲೆ ಗುಡ್ಡ ಜರಿಯಿತೋ ಏನೋ ಎಂದು ಅವಳೇ ಎರಡು ರಾತ್ರಿ ನಿದ್ದೆಗೆಟ್ಟಿದ್ದಳು. ಇಲ್ಲಿಂದ ಅಲ್ಲಿಗೆ ಎಷ್ಟು ಭಯವೋ ಅಲ್ಲಿಂದ ಇಲ್ಲಿಗೂ ಅಷ್ಟೇ ಇರುತ್ತದೆ ಎಂಬುದು ನಮಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ.

ಆಮೇಲೆ ನಾವು ಮಾಡಿಕೊಂಡ ಏರ್ಪಾಡು ಹೀಗೆ. ಶಿವಮೊಗ್ಗದಲ್ಲಿರುವ ನನ್ನ ತಮ್ಮನ ಮನೆ ನಮ್ಮ ನಡುವಿನ ಸಂಪರ್ಕದ ಕೊಂಡಿಯಾಯಿತು. ಮಗಳು ದಿನಾ ಮಾವನಿಗೆ ಒಂದು ಸಾಲಿನ ಸಂದೇಶ ಕಳುಹಿಸುವುದು. ನಮ್ಮಲ್ಲಿ ಫೋನು ಸತ್ತರೆ ಯಾರಾದರೂ ಪೇಟೆಗೆ ಹೋದಾಗ ತಮ್ಮನಿಗೆ ಫೋನು ಮಾಡಿ ವಿಚಾರಿಸುವುದು. ದೀರ್ಘ ಮಾತು ಭಾನುವಾರ ಮಾತ್ರ. ವಸತಿ ನೋಡಿಕೊಳ್ಳುವವರ ಫೋನ್ ನಂಬರನ್ನೂ, ಅಲ್ಲಿಯ ತುರ್ತು ಸಂಖ್ಯೆ 112 ಎಂಬುದನ್ನೂ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೆವು. ನಿನ್ನ ಅಪ್ಪಯ್ಯನಿಗೆ ಇಂಥದೊಂದು ಏರ್ಪಾಡನ್ನು ಕಾಗದದ ಮೇಲೆ ಬರೆದು ತೋರಿಸು. ಅವರಿಗೆ ಬೇಕಾಗಿರುವುದು ಸಮಾಧಾನದ ಮಾತಲ್ಲ, ಯಾರಿಗೆ ಯಾವಾಗ ಫೋನು ಮಾಡಬೇಕು ಎಂಬ ಲೆಕ್ಕ.

ಇನ್ನೊಂದು ಮಾತು. ಎರಡನೆಯ ಭಾನುವಾರ ನನ್ನ ಮಗಳು ಫೋನಿನಲ್ಲಿ ಅತ್ತುಬಿಟ್ಟಳು. ‘ವಾಪಸು ಬಂದುಬಿಡು’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡು, ಊಟಕ್ಕೆ ಏನು ಮಾಡಿಕೊಂಡೆ ಎಂದು ಕೇಳಿದೆ. ಹತ್ತು ನಿಮಿಷ ಅಡುಗೆಯ ಮಾತೇ ಆಯಿತು, ಅಷ್ಟರಲ್ಲಿ ಸರಿಹೋದಳು. ನಿನಗೂ ಅಂಥ ಒಂದು ದಿನ ಬಂದೀತು. ಅಂದು ಮನೆಗೆ ಫೋನು ಮಾಡಲು ಸಂಕೋಚಪಡಬೇಡ, ಆದರೆ ನಿಮ್ಮ ಅಮ್ಮನಿಗೆ ಈ ವಿಷಯವನ್ನು ಈಗಲೇ ಹೇಳಿ ಇಟ್ಟಿರು.

ಪ್ರಶ್ನೆ ಕೇಳಿದವರಿಂದ

ಅಕ್ಕ, ಸರ್, ಅಮ್ಮ, ಮೂವರಿಗೂ ನನ್ನ ನಮಸ್ಕಾರಗಳು. ನಿಮ್ಮ ಉತ್ತರಗಳನ್ನು ಮೊಬೈಲಿನಲ್ಲಿ ಅಪ್ಪಯ್ಯನಿಗೆ ಓದಿ ಹೇಳಿದೆ. ಕೊಪ್ಪದ ಅಮ್ಮನವರು ಬರೆದದ್ದನ್ನು ಎರಡು ಸಲ ಓದಿಸಿಕೊಂಡರು. ತೀರ್ಥಹಳ್ಳಿಯಲ್ಲಿರುವ ದೊಡ್ಡಮ್ಮನ ಮನೆಯನ್ನು ಕೊಂಡಿಯಾಗಿ ಮಾಡಿಕೊಳ್ಳೋಣ ಎಂದು ಅವರೇ ಹೇಳಿದರು. ವೀಸಾ ಅರ್ಜಿಗೆ ಮುಂದಿನ ಮಂಗಳವಾರ ದಿನಾಂಕ ಸಿಕ್ಕಿದೆ. ಬೆಂಗಳೂರಿಗೆ ಅವರೂ ಬರುತ್ತಾರೆ.

ಕಾನಿನ ಬಗ್ಗೆ ಸರ್ ಬರೆದದ್ದನ್ನು ಓದಿದಾಗ ಅಪ್ಪಯ್ಯ, ನಮ್ಮ ಚೌಡಿ ಬನದ ಹಿಂದಿನ ಕಾನಿನಲ್ಲಿ ತಾವು ಹುಡುಗನಾಗಿದ್ದಾಗ ಇದ್ದ ಮರಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾ ಹೋದರು. ಹನ್ನೊಂದು ಹೆಸರುಗಳನ್ನು ಬರೆದುಕೊಂಡಿದ್ದೇನೆ, ಅವುಗಳಲ್ಲಿ ಮೂರು ನಾನು ಕೇಳಿಯೇ ಇರಲಿಲ್ಲ. ಈ ಭಾನುವಾರ ಇಬ್ಬರೂ ಹೋಗಿ ಚಿತ್ರ ತೆಗೆಯುತ್ತೇವೆ, ಸುತ್ತಳತೆಯನ್ನೂ ತೆಗೆಯುತ್ತೇವೆ. ಅಕ್ಕ ಹೇಳಿದಂತೆ ಎರಡು ಎತ್ತರಗಳಲ್ಲೂ.

ಅಕ್ಕನಿಗೆ ಒಂದು ಕೊನೆಯ ಪ್ರಶ್ನೆ: ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯಬಹುದೇ?

ಉತ್ತರ 1ರವರಿಂದ

ಒಯ್ಯಬಹುದು, ಅದರಲ್ಲಿ ಹಾಲಿನದೇನೂ ಇಲ್ಲವಲ್ಲ. ಕೈಚೀಲದಲ್ಲಿ ಇಡಬೇಡಿ; ರಸವಿರುವ ಪದಾರ್ಥ 100 ಮಿಲಿಲೀಟರಿಗಿಂತ ಹೆಚ್ಚಿದ್ದರೆ ಭದ್ರತಾ ತಪಾಸಣೆಯಲ್ಲಿ ತೆಗೆಸುತ್ತಾರೆ. ಚಿಕ್ಕ ಬಾಟಲಿಗೆ ತುಂಬಿ, ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಎರಡು ಕವರಿನೊಳಗೆ ಹಾಕಿ ದೊಡ್ಡ ಪೆಟ್ಟಿಗೆಯ ನಡುವೆ ಬಟ್ಟೆಗಳ ಮಧ್ಯೆ ಇಡಿ. ಮಿಡಿಗಳು ಚಿಕ್ಕವಾಗಿರಲಿ, ಆರು ಜನರಿಗೆ ಹಂಚಬೇಕಾಗುತ್ತದೆ.